ಅಡುಗೆಮನೆಯ ಹೊಗೆ, ಕುಂಬಾರನ ಕತ್ತೆ

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಕಲಿಯಲು ಕೂತ ಹುಡುಗನ ಕೈಗೆ ಮುನ್ನೂರು ವರ್ಷಗಳಿಂದ ಮೊದಲು ಬರುವ ಪುಸ್ತಕ ಅನ್ನಂಭಟ್ಟನ ‘ತರ್ಕಸಂಗ್ರಹ’. ಆಂಧ್ರದವನೆಂದು ಹೇಳಲಾಗುವ ಈ ಪಂಡಿತ 17ನೆಯ ಶತಮಾನದಲ್ಲಿ ಬರೆದ ಈ ಕೃತಿ ಕೆಲವೇ ಪುಟಗಳದ್ದು. ಬಾಲರಿಗೆ ಸುಖವಾಗಿ ತಿಳಿಯಲೆಂದು ಬರೆಯುತ್ತಿದ್ದೇನೆ ಎಂದು ಅವನು ಆರಂಭದಲ್ಲೇ ಹೇಳಿಕೊಂಡಿದ್ದಾನೆ. ‘ಬಾಲ’ ಎಂದರೆ ಮೊಲೆಯುಣ್ಣುವ ಕೂಸು ಎಂದುಕೊಳ್ಳಬೇಡಿ, ವ್ಯಾಕರಣ, ಕಾವ್ಯ, ಕೋಶಗಳನ್ನು ಓದಿ ನ್ಯಾಯಶಾಸ್ತ್ರವನ್ನು ಮಾತ್ರ ಇನ್ನೂ ಓದದವನು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಈ ‘ಬಾಲ’ನಿಗೆ ಅನುಮಾನವನ್ನು, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು, ಕಲಿಸುವಾಗ ಅನ್ನಂಭಟ್ಟ ಅವನನ್ನು ಒಯ್ಯುವುದು ಅಡುಗೆಮನೆಗೆ. ಒಲೆಯ ಮುಂದೆ ಹೊಗೆಯನ್ನೂ ಬೆಂಕಿಯನ್ನೂ ಮತ್ತೆ ಮತ್ತೆ ಒಟ್ಟಿಗೆ ಕಂಡವನು ಒಂದು ದಿನ ಬೆಟ್ಟದ ಬಳಿ ಹೋಗುತ್ತಾನೆ, ಅಲ್ಲಿ ಹೊಗೆ ಏಳುವುದನ್ನು ನೋಡುತ್ತಾನೆ, ಅಲ್ಲಿ ಬೆಂಕಿಯಿದೆ ಎಂದು ತಿಳಿಯುತ್ತಾನೆ. 1876ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಜ ಸಂಸ್ಕೃತ ಕಾಲೇಜಿನಂಥ ಕಡೆಗಳಲ್ಲಿ ತರ್ಕ ಓದಿದವರೆಲ್ಲ ಈ ಅಡುಗೆಮನೆಯನ್ನು ಹಾದೇ ಮುಂದೆ ಹೋಗಿದ್ದಾರೆ. ಇಂಥ ನಿತ್ಯದ ಉದಾಹರಣೆಗಳನ್ನೂ ಅವುಗಳ ಜೊತೆಗೆ ಬರುವ ನಗೆಯ ಪ್ರಸಂಗಗಳನ್ನೂ ಶಾಸ್ತ್ರದ ಕಾಠಿಣ್ಯ ಮರೆಸಲು ಗುರುಗಳು ಮಾಡಿಕೊಂಡ ಉಪಾಯವೆಂದು ಹಲವರು ತಿಳಿಯುತ್ತಾರೆ. ಈ ತಿಳಿವಳಿಕೆ ತಪ್ಪು ಎಂಬುದೇ ಈ ಲೇಖನದ ವಾದ. ನಮ್ಮ ತರ್ಕದ ಚರಿತ್ರೆಯಲ್ಲಿ ಮನೆಯ ಉದಾಹರಣೆ ನಿಯಮವನ್ನು ಪರೀಕ್ಷೆಗೆ ಒಡ್ಡುವ ಜಾಗವಾಗಿತ್ತು. ನಗು ಆ ನಿಯಮ ಎಲ್ಲಿ ಮುರಿಯುತ್ತದೆಂದು ತೋರಿಸುವ ಕೆಲಸ ಮಾಡುತ್ತಿತ್ತು. ಎರಡನ್ನೂ ತೆಗೆದುಹಾಕಿದರೆ ಉಳಿಯುವುದು ಪರಿಭಾಷೆ ಮಾತ್ರ.

ಇದಕ್ಕೆ ಮೊದಲ ಸಾಕ್ಷಿ ನ್ಯಾಯಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರದಲ್ಲೇ ಇದೆ. ಇನ್ನೊಬ್ಬರಿಗೆ ಮನವರಿಕೆ ಮಾಡಿಕೊಡುವ ಅನುಮಾನಕ್ಕೆ ಅದು ಐದು ಅವಯವಗಳನ್ನು ವಿಧಿಸುತ್ತದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದು ಪ್ರತಿಜ್ಞೆ, ಹೊಗೆ ಇರುವುದರಿಂದ ಎನ್ನುವುದು ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ ಎನ್ನುವುದು ಉದಾಹರಣೆ. ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ ಎನ್ನುವುದು ಉಪನಯ, ಆದ್ದರಿಂದ ಇಲ್ಲಿ ಬೆಂಕಿಯಿದೆ ಎನ್ನುವುದು ನಿಗಮನ. ಗಮನಿಸಬೇಕಾದದ್ದು ಮೂರನೆಯದರ ಸ್ಥಾನ. ಉದಾಹರಣೆ ಇಲ್ಲಿ ಮಾತು ಮುಗಿದ ಮೇಲೆ ಸೇರಿಸುವ ಅಲಂಕಾರವಾಗಿ ಬರದೆ ವಾದದ ಅಂಗವಾಗಿಯೇ ಬರುತ್ತದೆ. ಅದು ಎಂಥದ್ದಿರಬೇಕು ಎಂಬುದಕ್ಕೂ ಸೂತ್ರಕಾರ ಒಂದು ಷರತ್ತು ಹಾಕುತ್ತಾನೆ. ಯಾವ ವಿಷಯದಲ್ಲಿ ಶಾಸ್ತ್ರವೇ ಗೊತ್ತಿಲ್ಲದ ಲೌಕಿಕರ ತಿಳಿವಳಿಕೆಯೂ ಪರೀಕ್ಷಿಸಿ ನೋಡುವ ಪಂಡಿತರ ತಿಳಿವಳಿಕೆಯೂ ಒಂದೇ ಆಗಿರುತ್ತದೋ ಅದೇ ದೃಷ್ಟಾಂತ. ಇದು ಬಹಳ ದೊಡ್ಡ ಮಾತು. ಪಂಡಿತ ಎಷ್ಟೇ ಎತ್ತರಕ್ಕೆ ಹೋಗಲಿ, ಅವನ ನಿಯಮ ಒಮ್ಮೆಯಾದರೂ ಕೆಳಗಿಳಿದು ಓದುಬರಹ ಬಾರದವರೂ ಒಪ್ಪುವ ಜಾಗದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಅದು ಇನ್ನೂ ಅವನ ಅಭಿಪ್ರಾಯ ಅಷ್ಟೆ. ಬೆಟ್ಟದ ಬೆಂಕಿಗೆ ಇನ್ನೊಂದು ಬೆಟ್ಟವನ್ನು ತೋರಿಸದೆ ಒಲೆಯನ್ನೇ ಏಕೆ ತೋರಿಸಿದರು ಎಂಬುದೂ ಇದರಿಂದ ಅರ್ಥವಾಗುತ್ತದೆ. ಇನ್ನೊಂದು ಬೆಟ್ಟದ ಬೆಂಕಿಯೂ ದೂರದ್ದೇ, ಅದನ್ನೂ ಸಾಧಿಸಬೇಕಾಗುತ್ತದೆ. ಒಲೆಯ ಬೆಂಕಿ ಕಣ್ಣೆದುರಿಗೇ ಇದೆ, ಅದರ ಬಗ್ಗೆ ಜಗಳವಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನಿಂದಲೂ ಒಂದು ಜೋಡಿ ಬೇಕೆಂದು ಗ್ರಂಥಗಳು ದೊಡ್ಡ ಮಡುವನ್ನು ತರುತ್ತವೆ: ಅಲ್ಲಿ ಬೆಂಕಿ ಇಲ್ಲ, ಆದ್ದರಿಂದ ಹೊಗೆಯೂ ಇಲ್ಲ.

ಉದಾಹರಣೆ ಪರೀಕ್ಷೆಯ ಜಾಗ ಎಂದೆ. ಅದು ಹೇಗೆಂದು ನೋಡಲು ಈ ಪಾಠವನ್ನೇ ತಿರುಗುಮುರುಗು ಮಾಡಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದರೆ ಬೆಂಕಿಯಿಂದ ಹೊಗೆಯನ್ನು ಏಕೆ ಊಹಿಸಬಾರದು? ಹೊಸದಾಗಿ ಕಲಿಯುವವರು ಬೀಳುವ ಮೊದಲ ಹಳ್ಳ ಇದು. ಅಡುಗೆಮನೆಯಲ್ಲಿ ಎರಡೂ ಜೊತೆಗೇ ಇದ್ದವಲ್ಲ ಎಂದು ಅವರಿಗೆ ತೋರುವುದು ಸಹಜ. ಆಗ ಗ್ರಂಥಕಾರರು ಅವರನ್ನು ಅಡುಗೆಮನೆಯಿಂದ ಕುಲುಮೆಗೆ ಕರೆದೊಯ್ಯುತ್ತಾರೆ. ಕಮ್ಮಾರ ಇಕ್ಕಳದಲ್ಲಿ ಹಿಡಿದು ಹೊರತೆಗೆದ ಕಬ್ಬಿಣದ ಗುಂಡು ಕೆಂಡದಂತೆ ಕೆಂಪಗಿದೆ. ಅದರ ತುಂಬ ಬೆಂಕಿಯಿದೆ, ಆದರೆ ಹೊಗೆಯ ಎಳೆಯೂ ಇಲ್ಲ. ಇಷ್ಟು ಸಾಕು, ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂಬ ನಿಯಮ ಬಿದ್ದುಹೋಯಿತು. ಆದರೆ ಪಾಠ ಇಲ್ಲಿಗೇ ನಿಲ್ಲುವುದಿಲ್ಲ. ಹಾಗಿದ್ದರೆ ಅಡುಗೆಮನೆಯಲ್ಲಿ ಹೊಗೆ ಬಂದದ್ದು ಯಾವುದರಿಂದ ಎಂದು ಅವರು ಮುಂದೆ ಕೇಳುತ್ತಾರೆ. ಹಸಿ ಸೌದೆಯಿಂದ. ಒಲೆಯಲ್ಲಿ ಬೆಂಕಿಯ ಜೊತೆಗೆ ಹಸಿ ಸೌದೆಯ ಸಂಬಂಧವೂ ಸದ್ದಿಲ್ಲದೆ ಸೇರಿಕೊಂಡಿತ್ತು, ನಾವು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೀಗೆ ಮರೆಯಲ್ಲಿ ನಿಂತು ನಮ್ಮ ನಿಯಮವನ್ನು ನಿಜದಂತೆ ಕಾಣಿಸುವ ಷರತ್ತಿಗೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು. ಒಂದು ಒಲೆ, ಒಂದು ಕುಲುಮೆ, ಒಂದು ತುಂಡು ಹಸಿ ಸೌದೆ — ಇಷ್ಟರಲ್ಲೇ ವ್ಯಾಪ್ತಿ (ತಪ್ಪದ ಸಂಬಂಧ), ವ್ಯಭಿಚಾರ (ಆ ಸಂಬಂಧ ತಪ್ಪುವುದು), ಉಪಾಧಿ ಎಂಬ ಮೂರು ಪರಿಕಲ್ಪನೆಗಳು ಕಲಿಯುವವರ ಕೈಗೆ ಸಿಕ್ಕಿದವು. ಈ ಮೂರನ್ನು ಬರಿಯ ಲಕ್ಷಣವಾಕ್ಯಗಳಿಂದ ಹೇಳಿಕೊಡಲು ಹೋದರೆ ವಿದ್ಯಾರ್ಥಿ ಉರುಹೊಡೆದಾನು, ಇನ್ನೊಂದು ಸಂದರ್ಭದಲ್ಲಿ ಉಪಾಧಿಯನ್ನು ತಾನೇ ಹುಡುಕಿ ತೆಗೆಯಲಾರ.

ಲಕ್ಷಣ ಹೇಳುವುದನ್ನು ಕಲಿಸುವಾಗಲೂ ಹೀಗೆಯೇ. ಹಸು ಎಂದರೇನು ಎಂದು ಕೇಳುತ್ತಾರೆ. ಕಪಿಲ ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬಿರುವುದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂದೇ ಗೊರಸಿನದು ಎಂದರೆ ಲೋಕದಲ್ಲಿ ಒಂದು ಹಸುವೂ ಸಿಗುವುದಿಲ್ಲ, ಇದು ಅಸಂಭವ. ಕೊನೆಗೆ ಕೊರಳ ಕೆಳಗೆ ಜೋಲುವ ಗಂಗೆದೊಗಲು ಇರುವುದು ಎಂದು ತೀರ್ಮಾನಿಸುತ್ತಾರೆ. ಕೊಟ್ಟಿಗೆಯಲ್ಲಿ ಬೆಳೆದ ಯಾವ ಮಗುವಾದರೂ ಈ ತಪ್ಪುಗಳನ್ನು ಹಿಡಿದು ನಕ್ಕೀತು.

ನಗೆಯ ಮಾತು ಬಂತು. ತರ್ಕಗ್ರಂಥಗಳಲ್ಲಿ ನಗೆ ಎಷ್ಟು ಹಳೆಯದು ಎಂದು ನೋಡಲು ವೈದ್ಯರ ಗ್ರಂಥವನ್ನು ತೆರೆಯಬೇಕು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯರು ಸಭೆಯಲ್ಲಿ ಹೇಗೆ ವಾದಿಸಬೇಕು ಎಂಬ ದೀರ್ಘ ಪಾಠವಿದೆ. ಮಾತಿನ ಮೋಸಕ್ಕೆ, ಎಂದರೆ ಛಲಕ್ಕೆ, ಅಲ್ಲಿ ಕೊಡುವ ಉದಾಹರಣೆ ಹೀಗಿದೆ. ಈ ವೈದ್ಯ ನವತಂತ್ರ ಎಂದು ಒಬ್ಬ ಹೇಳುತ್ತಾನೆ, ಹೊಸದಾಗಿ ಶಾಸ್ತ್ರ ಕಲಿತವನು ಎಂಬುದು ಅವನ ಭಾವ. ಆ ವೈದ್ಯ ಒಡನೆಯೇ, ನಾನು ಒಂಬತ್ತು ತಂತ್ರಗಳವನಲ್ಲ, ನನ್ನದು ಒಂದೇ ತಂತ್ರ ಎನ್ನುತ್ತಾನೆ. ಒಂಬತ್ತು ಎಂದು ನಾನು ಹೇಳಲಿಲ್ಲ, ನೀನು ಈಗಷ್ಟೇ ಅಭ್ಯಾಸ ಮಾಡಿದವನು ಎಂದೆ ಎಂದು ತಿದ್ದಿದರೆ, ಒಂಬತ್ತೇ ಸಲವಲ್ಲ, ಎಷ್ಟೋ ಸಲ ಅಭ್ಯಾಸ ಮಾಡಿದ್ದೇನೆ ಎಂದು ಮತ್ತೆ ಜಾರಿಕೊಳ್ಳುತ್ತಾನೆ. ಕೆಲವು ಶತಮಾನಗಳ ಮೇಲೆ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನಲ್ಲಿ ಇದೇ ಹಾಸ್ಯ ವೇಷ ಬದಲಿಸಿ ಬರುತ್ತದೆ. ಅಲ್ಲಿ ವೈದ್ಯನ ಬದಲು ಒಬ್ಬ ಹುಡುಗ, ಶಾಸ್ತ್ರದ ಬದಲು ಕಂಬಳಿ. ಹುಡುಗ ನವಕಂಬಳಿಯವನು ಎಂದರೆ, ಇವನ ಮೈಮೇಲೆ ಒಂದೇ ಕಂಬಳಿ ಇದೆ, ಉಳಿದ ಎಂಟು ಎಲ್ಲಿ ಎಂದು ಎದುರಾಳಿ ಹುಡುಕತೊಡಗುತ್ತಾನೆ. ವೈದ್ಯರ ಗೋಷ್ಠಿಯಲ್ಲಿ ವೈದ್ಯ, ಪಾಠಶಾಲೆಯಲ್ಲಿ ಹುಡುಗ ಎಂದು ಆಯಾ ಕೇಳುಗರಿಗೆ ತಕ್ಕಂತೆ ಈ ಒಂದು ಚಟಾಕಿಯನ್ನು ತಿದ್ದಿ ಬಳಸಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪಾಠ ಹೇಳುವವರು ಉದಾಹರಣೆಯನ್ನು ಕಣ್ಣುಮುಚ್ಚಿ ನಕಲು ಮಾಡದೆ ಎದುರಿಗೆ ಕೂತವರನ್ನು ನೋಡಿ ಆರಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಇದು ಸಾಕ್ಷಿ. ಚರಕದಲ್ಲಿ ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದದ್ದು. ಔಷಧ ಇರುವುದು ರೋಗವನ್ನು ಶಮನ ಮಾಡಲು ಎಂದು ಒಬ್ಬ ಹೇಳಿದಾಗ ಇನ್ನೊಬ್ಬ ಹೀಗೆ ಎಳೆಯುತ್ತಾನೆ: ಔಷಧವೂ ಇರುವ ವಸ್ತು, ರೋಗವೂ ಇರುವ ವಸ್ತು, ಆದ್ದರಿಂದ ಇರುವುದು ಇರುವುದನ್ನು ಶಮನ ಮಾಡುತ್ತದೆ ಎಂದಾಯಿತು. ಕೆಮ್ಮೂ ಇರುವಂಥದ್ದು, ಕ್ಷಯವೂ ಇರುವಂಥದ್ದು, ಹಾಗಾದರೆ ಕೆಮ್ಮು ಕ್ಷಯಕ್ಕೆ ಮದ್ದಾಗಬೇಕಲ್ಲವೇ? ಕೇಳಿದವರು ನಗುತ್ತಾರೆ. ನಕ್ಕ ಮೇಲೆ ತಪ್ಪು ನುಸುಳಿದ್ದು ಎಲ್ಲಿ ಎಂದು ಹುಡುಕಬೇಕಾಗುತ್ತದೆ. ತೀರ ಅಗಲವಾದ ಒಂದು ಸಾಮಾನ್ಯಧರ್ಮವನ್ನು ಹಿಡಿದು ಅದರಿಂದ ವಿಶೇಷವನ್ನು ಸಾಧಿಸಲು ಹೋದದ್ದೇ ಆ ತಪ್ಪು. ನಿರ್ಣಯ ಅಸಂಬದ್ಧ ಎಂದು ಮೊದಲೇ ಗೊತ್ತಿರುವುದರಿಂದ ಮನಸ್ಸು ನಿರ್ಣಯದ ಹಿಂದೆ ಹೋಗದೆ ದಾರಿಯನ್ನು ಪರಿಶೀಲಿಸುತ್ತದೆ. ಹಾಸ್ಯಕ್ಕೆ ತರ್ಕದಲ್ಲಿರುವ ನಿಜವಾದ ಉಪಯೋಗ ಇದೇ.

ಇದರ ಅತ್ಯಂತ ಚೆಲುವಾದ ಮಾದರಿ 8ನೆಯ ಶತಮಾನದ ಜೈನ ಆಚಾರ್ಯ ಹರಿಭದ್ರನ ‘ಯೋಗದೃಷ್ಟಿಸಮುಚ್ಚಯ’ ಸೂಚಿಸುವ ಆನೆಯ ಕಥೆ. ನ್ಯಾಯಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಬರುತ್ತಿರುತ್ತಾನೆ. ಎದುರಿನಿಂದ ಮದವೇರಿದ ಆನೆ, ಅದರ ಮೇಲೆ ಅಂಕೆ ತಪ್ಪಿ ಕೂತ ಮಾವುತ. ಸರಿದು ನಿಲ್ಲು, ಆನೆ ಕೊಲ್ಲುತ್ತದೆ ಎಂದು ಮಾವುತ ಕೂಗುತ್ತಾನೆ. ವಿದ್ಯಾರ್ಥಿ ಸರಿಯುವುದಿಲ್ಲ, ಪ್ರಶ್ನೆ ಹಾಕುತ್ತಾನೆ. ಆನೆ ತನಗೆ ತಾಗಿದವನನ್ನು ಕೊಲ್ಲುತ್ತದೋ, ತಾಗದವನನ್ನೋ? ತಾಗಿದವನನ್ನು ಎಂದರೆ ಅದರ ಮೇಲೇ ಕೂತಿರುವ ನೀನು ಮೊದಲು ಸಾಯಬೇಕಿತ್ತು. ತಾಗದವನನ್ನು ಎಂದರೆ ಲೋಕದಲ್ಲಿ ಒಬ್ಬನೂ ಬದುಕಿರಬಾರದು. ಈ ಮಾತು ಮುಗಿಯುವುದರೊಳಗೆ ಆನೆ ಅವನನ್ನು ಹಿಡಿದಾಗಿರುತ್ತದೆ, ಮಾವುತ ಹರಸಾಹಸ ಮಾಡಿ ಬಿಡಿಸುತ್ತಾನೆ. ಶುಷ್ಕ ತರ್ಕವನ್ನು ಹಳಿಯಲೆಂದೇ ಹರಿಭದ್ರ ಇದನ್ನು ನೆನೆದದ್ದು ನಿಜ. ಆದರೆ ನ್ಯಾಯಸೂತ್ರದ ಐದನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಆ ಅಧ್ಯಾಯ ಎದುರಾಳಿಗಳ ಹುಸಿ ಉತ್ತರಗಳನ್ನು ‘ಜಾತಿ’ ಎಂದು ಕರೆದು 24 ಬಗೆಗಳಾಗಿ ಪಟ್ಟಿ ಮಾಡುತ್ತದೆ. ಅದರಲ್ಲಿ ಪ್ರಾಪ್ತಿಸಮ, ಅಪ್ರಾಪ್ತಿಸಮ ಎಂಬ ಎರಡಿವೆ. ಹೇತು ‘ಸಾಧ್ಯ’ವನ್ನು, ಎಂದರೆ ತಾನು ಸಾಧಿಸಬೇಕಾದದ್ದನ್ನು, ಮುಟ್ಟಿ ಸಾಧಿಸುತ್ತದೋ ಮುಟ್ಟದೆಯೋ ಎಂದು ಇಕ್ಕಟ್ಟಿಗೆ ಸಿಲುಕಿಸುವುದೇ ಅವುಗಳ ವರಸೆ. ವಿದ್ಯಾರ್ಥಿ ಆನೆಯ ಮುಂದೆ ಹೂಡಿದ್ದು ಅಕ್ಷರಶಃ ಇದನ್ನೇ. ಗೌತಮನೇ ಕೊಟ್ಟ ಪರಿಹಾರವೂ ಅಂಥದೇ ನೆಲದ ಮೇಲಿನದು: ಕುಂಬಾರ ಮಣ್ಣನ್ನು ಮುಟ್ಟಿಯೇ ಗಡಿಗೆ ಮಾಡುತ್ತಾನೆ, ಮಾಟ ಮಾಡುವವನು ಮುಟ್ಟದೆಯೇ ಪೀಡಿಸುತ್ತಾನೆಂದು ಜನ ನಂಬುತ್ತಾರೆ, ಎರಡೂ ಬಗೆಯ ಕಾರಣಗಳನ್ನು ಲೋಕ ಬಲ್ಲದು, ಆದ್ದರಿಂದ ಈ ಇಕ್ಕಟ್ಟಿಗೆ ಬಲವಿಲ್ಲ. ಹಾಗಾಗಿ ಆನೆಯ ಕಥೆ ತರ್ಕದ ವಿರುದ್ಧ ನಿಂತಂತೆ ಕಂಡರೂ ಅದು ತರ್ಕಶಾಸ್ತ್ರ ತಾನೇ ತಪ್ಪೆಂದು ಗುರುತಿಸಿದ ಒಂದು ಚಾಳಿಯ ಚಿತ್ರ. ಓದಿದವನಿಗೆ ಪ್ರಾಪ್ತಿಸಮದ ಲಕ್ಷಣ ಮರೆತರೂ ಆನೆ ಮರೆಯುವುದಿಲ್ಲ.

ಮನೆಯ ಉದಾಹರಣೆ ನಂಬಿಕೆ ಹುಟ್ಟಿಸಲು ಮಾತ್ರ ಬಂದಿದ್ದರೆ ಅದರ ಬೆಲೆ ಕಡಿಮೆಯಾಗುತ್ತಿತ್ತು. ಅದನ್ನು ಸಂಶಯಿಸಲೂ ಬಳಸಿದ್ದಾರೆ ಎಂಬುದರಲ್ಲಿ ಈ ಪರಂಪರೆಯ ಹಿರಿಮೆಯಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬುದು ನಮ್ಮ ಮನೆಗಳಲ್ಲಿ ನಿತ್ಯದ ಮಾತು. ಪತಂಜಲಿಯ ಮಹಾಭಾಷ್ಯದಲ್ಲೇ ಈ ತಿಳಿವಳಿಕೆ ಕಾಣುತ್ತದೆ, ಸ್ಥಾಲೀಪುಲಾಕ ನ್ಯಾಯ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ. ಆದರೆ 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಪ್ರಮಾಣವಾರ್ತಿಕದಲ್ಲಿ ಇದೇ ಅನ್ನದ ಗಡಿಗೆಯನ್ನು ಎಚ್ಚರಿಕೆಯ ಉದಾಹರಣೆಯಾಗಿ ಮುಂದಿಡುತ್ತಾನೆ. ಬೇಯದ ಅಗುಳು ನಮ್ಮ ಕಣ್ಣಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ಗಡಿಗೆಯಲ್ಲಿ ಬೇಯದ ಅಗುಳೇ ಇಲ್ಲ ಎಂದು ಹೇಳಲಾಗದು. ಕಾಣದಿರುವುದು ಬೇರೆ, ಇರಲು ಸಾಧ್ಯವೇ ಇಲ್ಲ ಎಂದು ತೋರಿಸುವುದು ಬೇರೆ. ಕೆಲವನ್ನು ನೋಡಿ ಎಲ್ಲದರ ಬಗ್ಗೆ ಹೇಳುವುದಕ್ಕೆ ಏನು ಆಧಾರ ಎಂಬ, ಇಂದಿಗೂ ತತ್ತ್ವಜ್ಞರು ಬಿಡಿಸುತ್ತಿರುವ ಪ್ರಶ್ನೆ ಒಂದು ಗಡಿಗೆ ಅನ್ನದಲ್ಲಿ ಎದ್ದುನಿಂತಿತು. ಮೈತ್ರಿಯ ಮಕ್ಕಳ ಉದಾಹರಣೆಯೂ ಇದೇ ಬಗೆಯದು. ಮೈತ್ರಿಗೆ ಹುಟ್ಟಿದ ಮಕ್ಕಳೆಲ್ಲ ಕಪ್ಪಗಿದ್ದಾರೆ, ಆದ್ದರಿಂದ ಈಗ ಹೊಟ್ಟೆಯಲ್ಲಿರುವುದೂ ಕಪ್ಪಗಿರುತ್ತದೆ ಎಂದು ಒಬ್ಬ ವಾದಿಸುತ್ತಾನೆ. ಮೈತ್ರಿಯ ಮಗುವಾಗಿರುವುದು ಕಾರಣವಲ್ಲ, ಬಸಿರಿನಲ್ಲಿ ಅವಳು ಉಂಡ ಸೊಪ್ಪು ಕಾರಣ, ಈ ಸಲ ಅವಳು ಸೊಪ್ಪು ತಿಂದಿರದಿದ್ದರೆ? ಎಂದು ಇನ್ನೊಬ್ಬ ಉಪಾಧಿಯನ್ನು ಎತ್ತುತ್ತಾನೆ. ಸೊಪ್ಪು ತಿಂದರೆ ಮಗು ಕಪ್ಪಾಗುತ್ತದೆ ಎಂಬ ಆ ಕಾಲದ ನಂಬಿಕೆಯನ್ನು ನಾವು ಒಪ್ಪಬೇಕಿಲ್ಲ, ಬಣ್ಣದ ಕುರಿತ ಆ ಕುತೂಹಲವೂ ಹಿತವಾದುದಲ್ಲ. ಆದರೆ ಏಳೆಂಟು ಸಲ ಹಾಗೆ ಆದದ್ದು ಒಂಬತ್ತನೆಯ ಸಲಕ್ಕೆ ಪ್ರಮಾಣವಾಗುವುದಿಲ್ಲ, ನಡುವೆ ಬೇರೆ ಕಾರಣ ಕೆಲಸ ಮಾಡಿರಬಹುದು ಎಂಬ ಮಾತು ಇಂದಿಗೂ ಗಟ್ಟಿಯಾಗಿದೆ.

ಈ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಹೊರಗಿನಿಂದ ಬಂದದ್ದಲ್ಲ, ಭಾರತದ ತಾರ್ಕಿಕರಿಂದಲೇ ಬಂದದ್ದು. ಅದರಲ್ಲೂ ಕನ್ನಡ ನಾಡಿನೊಂದಿಗೆ ನಂಟುಳ್ಳ ಜೈನ ಪರಂಪರೆ ಇದನ್ನು ತುಂಬ ಸ್ಪಷ್ಟವಾಗಿ ಹೇಳಿತು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಸಮಂತಭದ್ರ, ಅಕಲಂಕ ಎಂಬ ಜೈನ ಆಚಾರ್ಯರ ಜೊತೆಗೆ ಸ್ಮರಿಸುವ ಪಾತ್ರಕೇಸರಿ ಹೇಳಿದ್ದು ಇಷ್ಟು: ಸಾಧ್ಯವಿಲ್ಲದೆ ಹೇತು ಇರಲಾರದು ಎಂಬುದು ಖಚಿತವಾದರೆ ಅನುಮಾನ ಮುಗಿಯಿತು, ಹೇತುವಿಗೆ ಹೇಳುವ ಉಳಿದ ಲಕ್ಷಣಗಳಿಂದ ಆಗಬೇಕಾದದ್ದೇನೂ ಇಲ್ಲ. ‘ಪರೀಕ್ಷಾಮುಖ’ ಬರೆದ ಮಾಣಿಕ್ಯನಂದಿ ಇದನ್ನು ಮುಂದುವರಿಸಿ, ಪ್ರತಿಜ್ಞೆ ಮತ್ತು ಹೇತು ಎರಡೇ ಸಾಕು, ಉದಾಹರಣೆ ಮುಂತಾದ ಮೂರು ಬಾಲರ ತಿಳಿವಳಿಕೆಗೆ ಶಾಸ್ತ್ರದಲ್ಲಿ ಇರಲಿ, ವಾದದಲ್ಲಿ ಅವುಗಳಿಂದ ಉಪಯೋಗವಿಲ್ಲ ಎಂದ. ಹಾಗಾದರೆ ಉದಾಹರಣೆ ಮಕ್ಕಳಾಟ ಎಂದಂತಾಯಿತಲ್ಲ? ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಅಡುಗೆಮನೆಯ ಬೆಂಕಿ ಬೆಟ್ಟದ ಬೆಂಕಿಯನ್ನು ಸಾಧಿಸುವುದಿಲ್ಲ. ಒಂದು ಒಲೆಯಿಂದ ಸಾರ್ವತ್ರಿಕ ನಿಯಮ ಹುಟ್ಟುವುದಿಲ್ಲ. ಆದರೆ ಹೇತು ಸಾಧ್ಯವಿಲ್ಲದೆ ಇರಲಾರದು ಎಂಬುದು ಖಚಿತವಾಗುವುದು ಯಾವುದರಿಂದ? ಕುಲುಮೆಯ ಗುಂಡು, ಹಸಿ ಸೌದೆ, ಮೈತ್ರಿಯ ಸೊಪ್ಪು ಇಂಥವುಗಳ ನಡುವೆ ಅಲೆದೇ ಅಲ್ಲವೇ? ವಾದಸಭೆಗೆ ಬರುವ ಪಂಡಿತ ಆ ಅಲೆದಾಟವನ್ನು ಮುಗಿಸಿ ಬಂದಿರುತ್ತಾನೆ, ಆದ್ದರಿಂದ ಅವನ ಮಾತಿನಲ್ಲಿ ಒಲೆ ಕಾಣುವುದಿಲ್ಲ. ಕಾಣದಿರುವುದರಿಂದ ಅದು ಬೇಕಿರಲಿಲ್ಲ ಎಂದು ತೀರ್ಮಾನಿಸಿದರೆ ಧರ್ಮಕೀರ್ತಿ ಗಡಿಗೆಯ ಬಳಿ ಹಿಡಿದ ತಪ್ಪನ್ನೇ ಮಾಡಿದಂತಾಗುತ್ತದೆ. ವಿಜಯನಗರದ ಕಾಲದ ಜೈನ ಯತಿ ಅಭಿನವ ಧರ್ಮಭೂಷಣ ಆರಂಭದ ವಿದ್ಯಾರ್ಥಿಗಳಿಗೆಂದೇ ಬರೆದ ‘ನ್ಯಾಯದೀಪಿಕೆ’ ಈ ವಿಷಯದಲ್ಲಿ ತುಂಬ ವಿವೇಕದ ನಿಲುವು ತಳೆಯುತ್ತದೆ. ಗೆಲ್ಲಬೇಕೆಂದು ವಾದಿಸುವವರ ಸಭೆಗೆ ಎರಡು ಅವಯವ ಸಾಕು. ಗುರುಶಿಷ್ಯರು ಕೂತು ನಿಜ ಏನೆಂದು ವಿಚಾರಿಸುವಾಗ ಶಿಷ್ಯನ ಗ್ರಹಿಕೆಗೆ ತಕ್ಕಂತೆ ಎರಡೋ ಮೂರೋ ನಾಲ್ಕೋ ಐದೋ ಇರಬಹುದು. ಅಂದರೆ ಉದಾಹರಣೆ ಅನವಶ್ಯಕವಾಗುವುದು ಸೋಲುಗೆಲುವಿನ ಕಣದಲ್ಲಿ; ತಿಳಿಯುವ ಕೋಣೆಯಲ್ಲಿ ಅದಕ್ಕೆ ಜಾಗ ಇದ್ದೇ ಇದೆ. ಮಧ್ವ ಪರಂಪರೆಯೂ ಐದು ಅವಯವ ಇರಲೇಬೇಕೆಂಬ ಕಟ್ಟುಪಾಡನ್ನು ಒಪ್ಪದೆ ಬೇಕಾದಷ್ಟು ಬಳಸು ಎಂದಿತು. ಆ ಪರಂಪರೆಯಲ್ಲಿ ಹೊಸಬರಿಗೆ ಇಂದಿಗೂ ಹೇಳುವ ಪಾಠ 14ನೆಯ ಶತಮಾನದ ಜಯತೀರ್ಥರ ‘ಪ್ರಮಾಣಪದ್ಧತಿ’.

ಇಂಗ್ಲೆಂಡಿನಲ್ಲಿ ಹೊಸಬರಿಗೆ ನಗೆಯ ಮೂಲಕ ತರ್ಕ ಕಲಿಸುವ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿದವನು ಲೂಯಿಸ್ ಕ್ಯಾರಲ್. ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ ಅವನು ಅಲ್ಲಿನ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ತರ್ಕ ಕಲಿಸಿದ. 1880ರ ದಶಕದಲ್ಲಿ ‘ದಿ ಗೇಮ್ ಆಫ್ ಲಾಜಿಕ್’ ಎಂಬ ಪುಸ್ತಕದ ಜೊತೆಗೆ ಮನೆಗಳ ಚಿತ್ರವಿರುವ ಒಂದು ರಟ್ಟನ್ನೂ ನಾಲ್ಕು ಕೆಂಪು, ಐದು ಬೂದು ಬಣ್ಣದ ಬಿಲ್ಲೆಗಳನ್ನೂ ಕೊಟ್ಟ. 1896ರಲ್ಲಿ ‘ಸಿಂಬಾಲಿಕ್ ಲಾಜಿಕ್’ ಹೊರತಂದ. ಅವನ ಪುಸ್ತಕಗಳಲ್ಲಿ ಹಂದಿ, ಡ್ರ್ಯಾಗನ್, ಮೊಸಳೆಗಳ ಬಗ್ಗೆ ಬೇಕೆಂದೇ ಹುಚ್ಚುಚ್ಚಾಗಿ ಕಟ್ಟಿದ ಆಧಾರವಾಕ್ಯಗಳಿವೆ. ಅವು ಸುಳ್ಳು, ಸುಳ್ಳಾಗಿರುವುದರಿಂದಲೇ ಪ್ರಯೋಜನಕರ: ವಿದ್ಯಾರ್ಥಿನಿಯ ಗಮನ ವಾಕ್ಯಗಳ ಸತ್ಯದಿಂದ ಬಿಡಿಸಿಕೊಂಡು ಅವುಗಳ ಜೋಡಣೆಯ ಮೇಲೆ ನಿಲ್ಲುತ್ತದೆ. ಇದನ್ನು ನೋಡಿದವರು ಭಾರತೀಯ ತರ್ಕದ ಮೇಲೆ ಇನ್ನೊಂದು ಆಕ್ಷೇಪ ಎತ್ತುವುದುಂಟು. ನಿಮ್ಮ ಒಲೆ ಯಾವಾಗಲೂ ನಿಜವಾದ ಒಲೆ, ಹಾಗಾಗಿ ನೀವು ರೂಪವನ್ನು ವಸ್ತುವಿನಿಂದ ಬೇರ್ಪಡಿಸಲೇ ಇಲ್ಲ ಎಂದು. ಬೇರ್ಪಡಿಸಲಿಲ್ಲ ಎನ್ನುವುದು ಬಹುಮಟ್ಟಿಗೆ ಸರಿ, ಅದು ಕೊರತೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನ್ಯಾಯಶಾಸ್ತ್ರ ಕೇಳಿದ ಪ್ರಶ್ನೆಯೇ ಬೇರೆ: ಇವು ನಿಜವಾದರೆ ಏನು ಫಲಿಸುತ್ತದೆ ಎಂದಷ್ಟೇ ಕೇಳದೆ, ಕಾಣದ ವಸ್ತುವಿನ ಬಗ್ಗೆ ನಿಜವಾದ ತಿಳಿವಳಿಕೆ ಹೇಗೆ ಬರುತ್ತದೆ ಎಂದು ಅದು ಕೇಳಿತು. ಆ ಪ್ರಶ್ನೆಗೆ ಸುಳ್ಳು ಆಧಾರವಾಕ್ಯ ಎಷ್ಟು ಚೆನ್ನಾಗಿ ಜೋಡಿಸಿದ್ದರೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಎರಡೂ ಕಡೆ ನಗು ಇದ್ದರೂ ಅದು ಕೂತ ಜಾಗ ಬೇರೆ. ಕ್ಯಾರಲ್‌ನಲ್ಲಿ ಆಧಾರವಾಕ್ಯವೇ ನಗೆಯದು, ಜೋಡಣೆ ಸರಿಯಾದದ್ದು. ಇಲ್ಲಿ ವಸ್ತು ನಿಜವಾದದ್ದು, ನಗೆ ಬರುವುದು ದೋಷದಲ್ಲಿ. ತರ್ಕಸಂಗ್ರಹದ ಹೇತ್ವಾಭಾಸಗಳ, ಎಂದರೆ ಹುಸಿ ಹೇತುಗಳ, ಭಾಗವನ್ನೇ ನೋಡಿ. ಆಕಾಶದ ತಾವರೆಗೆ ಪರಿಮಳವಿದೆ, ಅದೂ ತಾವರೆಯಾದ್ದರಿಂದ, ಕೊಳದ ತಾವರೆಯಂತೆ. ಬೆಂಕಿ ತಣ್ಣಗಿದೆ, ಅದೂ ದ್ರವ್ಯವಾದ್ದರಿಂದ, ನೀರಿನಂತೆ. ಇಲ್ಲಿ ಜೋಡಣೆ ಚೊಕ್ಕವಾಗಿ ಕಾಣುತ್ತದೆ. ಮುಗ್ಗರಿಸುವುದು ವಸ್ತುವಿನ ಮೇಲೆ: ಮೊದಲನೆಯದರಲ್ಲಿ ವಸ್ತುವೇ ಇಲ್ಲ, ಎರಡನೆಯದನ್ನು ಬೆರಳಿಟ್ಟು ನೋಡಿದವರು ಒಪ್ಪುವುದಿಲ್ಲ.

ಇನ್ನು ಗಿಳಿಪಾಠದ ಆಕ್ಷೇಪ. ಅದೇ ಗಡಿಗೆ, ಅದೇ ಬಟ್ಟೆ, ಅದೇ ಹೊಗೆ ಎಂದು ಸಾವಿರ ವರ್ಷ ಹೇಳಿದ ಮೇಲೆ ಉದಾಹರಣೆ ಸತ್ತುಹೋಗುತ್ತದೆ, ಹುಡುಗ ಒಲೆಯನ್ನು ನೋಡದೆಯೇ ಅಡುಗೆಮನೆಗೆ ಸಂಸ್ಕೃತದಲ್ಲಿ ಹೇಳುವ ‘ಮಹಾನಸ’ ಎಂಬುದನ್ನು ಕಂಠಪಾಠ ಹೇಳುತ್ತಾನೆ ಎಂಬ ದೂರು ಸುಳ್ಳಲ್ಲ. 14ನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶ ‘ತತ್ತ್ವಚಿಂತಾಮಣಿ’ ಬರೆದ ಮೇಲೆ ನವ್ಯನ್ಯಾಯದ ಪರಿಭಾಷೆ ಎಷ್ಟು ಬಿಗಿಯಾಯಿತೆಂದರೆ ಒಂದು ವಾಕ್ಯ ಬಿಡಿಸಲು ಒಂದು ದಿನ ಬೇಕು. ಹಂಪಿಯಲ್ಲಿದ್ದು ‘ತರ್ಕತಾಂಡವ’ ಬರೆದ ವ್ಯಾಸತೀರ್ಥರು ಆ ಭಾಷೆಯಲ್ಲೇ ಅದರ ಜೊತೆ ಸೆಣಸಿದರು, ಅದು ಹೊಸಬರ ಓದಲ್ಲ. ತಾರ್ಕಿಕ ತುಪ್ಪ ಚೆಲ್ಲಿಕೊಂಡ ಕಥೆ ಹುಟ್ಟಿದ್ದು ಇಂಥ ಹಿನ್ನೆಲೆಯಲ್ಲೇ ಇರಬೇಕು. ಪಾತ್ರೆಯಲ್ಲಿ ತುಪ್ಪ ಕೊಂಡುಹೋಗುತ್ತಿದ್ದವನಿಗೆ ತುಪ್ಪಕ್ಕೆ ಪಾತ್ರೆ ಆಧಾರವೋ ಪಾತ್ರೆಗೆ ತುಪ್ಪ ಆಧಾರವೋ ಎಂಬ ಸಂಶಯ ಬಂದು ಪಾತ್ರೆಯನ್ನು ಬೋರಲು ಹಾಕಿ ನೋಡಿದನಂತೆ. ಆದರೆ ಈ ಕಥೆಯನ್ನು ಪಂಡಿತರೇ ಸಂಸ್ಕೃತದಲ್ಲಿ ಹೇಳಿಕೊಂಡು ನಗುತ್ತಾರೆ ಎಂಬುದನ್ನು ಮರೆಯಬಾರದು. ಆಧಾರ, ಆಧೇಯ ಎಂಬ ಪಾಠವನ್ನು ಹುಡುಗರ ತಲೆಯಲ್ಲಿ ನಿಲ್ಲಿಸಿದ್ದೂ ಇದೇ ಕಥೆ. ಗಂಗೇಶನ ಕಠಿಣ ಗ್ರಂಥದಲ್ಲೂ ವ್ಯಾಪ್ತಿಗೆ ಕೊಟ್ಟ ಐದು ಲಕ್ಷಣಗಳನ್ನು ಒಂದಾದ ಮೇಲೊಂದರಂತೆ ಕೆಡಹುವ ‘ವ್ಯಾಪ್ತಿಪಂಚಕ’ ಭಾಗವಿದೆ, ಅವು ಬೀಳುವುದು ಲಕ್ಷಣ ಹೊಂದದ ಒಂದು ಉದಾಹರಣೆಯ ಎದುರಿಗೇ. ಮಾತಿನ ಹೆಣಿಗೆ ಎಷ್ಟು ದಟ್ಟವಾದರೂ ಇದಕ್ಕೆ ಹೊಂದದ್ದನ್ನು ತೋರಿಸು ಎಂಬ ಹಳೆಯ ಪಟ್ಟು ಬಿಟ್ಟುಹೋಗಲಿಲ್ಲ.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ನೋಯಿಸುವ ಆಕ್ಷೇಪ ಬೇರೆ. ಲೌಕಿಕರಿಗೂ ಪರೀಕ್ಷಕರಿಗೂ ಒಪ್ಪಿಗೆಯಾಗುವ ಜಾಗವೆಂದು ಅಡುಗೆಮನೆಯನ್ನು ಆರಿಸಿದವರು ಆ ಲೌಕಿಕರನ್ನು ಪಾಠಕ್ಕೆ ಕರೆಯಲಿಲ್ಲ. ಹಸಿ ಸೌದೆ ಯಾವಾಗ ಹೊಗೆಯುಗುಳುತ್ತದೆ, ಯಾವಾಗ ಹೊಗೆಯಿಲ್ಲದೆ ಕೆಂಡ ನಿಗಿನಿಗಿ ಎನ್ನುತ್ತದೆ ಎಂಬುದನ್ನು ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತ ಕೂತ ಹೆಂಗಸಿನಷ್ಟು ಬಲ್ಲವರಿಲ್ಲ. ಕಬ್ಬಿಣದ ಗುಂಡಿನ ವಿಷಯ ಕಮ್ಮಾರನಿಗೆ ಗೊತ್ತು, ಗಡಿಗೆಯ ವಿಷಯ ಕುಂಬಾರನಿಗೆ. ಶಾಸ್ತ್ರ ಅವರ ಕೆಲಸವನ್ನು ಸಾಕ್ಷಿಗೆ ಕರೆಯಿತು, ಅವರನ್ನು ಕರೆಯಲಿಲ್ಲ. ಈ ಆಕ್ಷೇಪಕ್ಕೆ ಸಮಾಧಾನ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ, ಅದು ಇದ್ದದ್ದೇ ಹಾಗೆ. ಆದರೆ ಪಾಠಶಾಲೆಯ ಹೊರಗಿದ್ದವರಿಗೆ ತರ್ಕವೇ ಇರಲಿಲ್ಲ ಎಂದು ಇದರಿಂದ ಫಲಿಸುವುದಿಲ್ಲ. ಅವರ ಉದಾಹರಣೆಗಳು ಗಾದೆಗಳಲ್ಲಿ, ಒಡಪುಗಳಲ್ಲಿ, ಅಜ್ಜಿಕಥೆಗಳಲ್ಲಿ ಉಳಿದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆ, ಹೇಳಿದ ಮಾತು ಸಾಧ್ಯವೇ ಎಂದು ನೋಡದೆ ಮುಂದಿನ ಕ್ರಮಕ್ಕೆ ಹಾರುವವರನ್ನು ಹಿಡಿಯುತ್ತದೆ. ಆಕಾಶದ ತಾವರೆಯ ದೋಷವೂ ಇದೇ, ಹಟ್ಟಿಯ ಭಾಷೆಯಲ್ಲಿ. 1894ರ ಕಿಟೆಲ್ ನಿಘಂಟು ಪದಗಳಿಗೆ ಸಾಕ್ಷಿಯಾಗಿ ಗಾದೆಗಳನ್ನು ಹೇರಳವಾಗಿ ಕೊಟ್ಟಿರುವುದರಿಂದ ಇಂಥ ಮಾತುಗಳ ಒಂದು ರಾಶಿಯೇ ಅಚ್ಚಿನಲ್ಲಿ ಉಳಿದಿದೆ. ತರ್ಕದ ಕಣ್ಣಿನಿಂದ ಅದನ್ನು ಓದುವ ಕೆಲಸ ಮಾಡಬೇಕಾದದ್ದು.

ಹಾಗೆ ಓದುವವರು ಕಾರಣದ ಪಾಠದಿಂದ ಆರಂಭಿಸಬಹುದು. ಅಲ್ಲಿ ಶಾಸ್ತ್ರವೂ ಅಜ್ಜಿಕಥೆಯೂ ಅಕ್ಕಪಕ್ಕ ನಿಲ್ಲುತ್ತವೆ. ತರ್ಕಸಂಗ್ರಹದ ನಂತರ ಸಾಮಾನ್ಯವಾಗಿ ಓದುವ, 17ನೆಯ ಶತಮಾನದ ವಿಶ್ವನಾಥನ ‘ಸಿದ್ಧಾಂತಮುಕ್ತಾವಳಿ’ಯಲ್ಲಿ ಗಡಿಗೆಗೆ ಕಾರಣ ಯಾವುದು ಎಂಬ ವಿಚಾರ ಬರುತ್ತದೆ. ಕುಂಬಾರ ಕಾರಣ, ಮಣ್ಣು ಕಾರಣ, ಚಕ್ರ ತಿರುಗಿಸುವ ಕೋಲು ಕಾರಣ. ಕೋಲಿನ ಬಣ್ಣ? ಕುಂಬಾರನ ತಂದೆ? ಮಣ್ಣು ಹೊತ್ತು ತಂದ ಕತ್ತೆ? ಇವೆಲ್ಲ ಗಡಿಗೆಗಿಂತ ಮೊದಲೇ ಇದ್ದವು, ಆದರೂ ಇವು ಕಾರಣಗಳಲ್ಲ, ‘ಅನ್ಯಥಾಸಿದ್ಧ’ಗಳು ಎಂದು ಐದು ಬಗೆಯಾಗಿ ಬಿಡಿಸಿ ತೋರಿಸಲಾಗಿದೆ. ಕತ್ತೆಯನ್ನು ಬಿಡುವುದಕ್ಕೆ ಕೊಡುವ ಕಾರಣ ತುಂಬ ನಿಖರವಾದದ್ದು. ಈ ಒಂದು ಗಡಿಗೆಯ ಮಟ್ಟಿಗೆ ಕತ್ತೆ ಮೊದಲು ಬಂದಿರಬಹುದು, ಆದರೆ ಕತ್ತೆಯಿಲ್ಲದೆಯೂ ಗಡಿಗೆಗಳು ಆಗುತ್ತವೆ; ಆ ಗಡಿಗೆಗಳನ್ನು ಮಾಡಿದ ಕಾರಣಗಳೇ ಈ ಗಡಿಗೆಗೂ ಸಾಕಾಗುವಾಗ ಕತ್ತೆಯನ್ನು ಸೇರಿಸುವ ಅಗತ್ಯವಿಲ್ಲ. ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಅಜ್ಜಿಯ ಹುಂಜದ ಕಥೆ ಹೇಳುವುದೂ ಇದನ್ನೇ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಅಜ್ಜಿ ಊರವರ ಮೇಲೆ ಮುನಿಸಿಕೊಂಡು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಡುತ್ತಾಳೆ, ಊರಿಗೆ ಎಂದಿನಂತೆ ಬೆಳಗಾಗುತ್ತದೆ. ದಿನವೂ ಮೊದಲು ಕೂಗು, ಆಮೇಲೆ ಬೆಳಕು. ಕ್ರಮದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆ ಕ್ರಮದಿಂದ ಕಾರಣವನ್ನು ಬೇರ್ಪಡಿಸಿ ನೋಡಲು ಹುಂಜವಿಲ್ಲದ ಒಂದು ಬೆಳಗು ಬೇಕಾಗಿತ್ತು, ಕತ್ತೆಯಿಲ್ಲದ ಒಂದು ಗಡಿಗೆ ಬೇಕಾಗಿದ್ದಂತೆಯೇ. ವಿಶ್ವನಾಥ ಅದನ್ನು ತನ್ನ ಶಿಷ್ಯರಿಗೆ ವಿಚಾರದಿಂದ ಒದಗಿಸಿಕೊಟ್ಟ. ಅಜ್ಜಿ ಊರು ಬಿಟ್ಟು ಹೋಗಿ ಒದಗಿಸಿಕೊಟ್ಟಳು.